ಗುಂಡು ಹಾರದ ಅರ್ಧ ಎಣಿಕೆ

ಕೊರಳಿನಲ್ಲಿ ಸ್ವರವನ್ನೂ ಬೆರಳಿನಲ್ಲಿ ತಾಳವನ್ನೂ ಇಟ್ಟು, ಎಪ್ಪತ್ತು ದಾಟಿದ ಮೇಲೂ ಅವೆರಡನ್ನೂ ಕಿತ್ತುಕೊಳ್ಳದಿರುವ ತಾಯಿ ಶಾರದೆಗೆ ಮೊದಲ ನಮಸ್ಕಾರ. ಚಿಂತಾಮಣಿಯ ಮನೆಯ ಜಗಲಿಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು, ಎಣಿಕೆ ತಪ್ಪಿದಾಗಲೆಲ್ಲ ಬೈಯದೆ, ಮತ್ತೆ ಮೊದಲಿನಿಂದ ಹಾಡಿಸಿದ ತಂದೆಯವರಿಗೆ ಎರಡನೆಯದು. ಮೂರನೆಯ ನಮಸ್ಕಾರ ಶಿಡ್ಲಘಟ್ಟದ ಒಂದು ಮಹಡಿಯ ಕೋಣೆಗೆ, ಅಲ್ಲಿರುವ ಕಂಪ್ಯೂಟರಿಗೆ, ಅದರ ಮುಂದೆ ಕೂರುವ ಇಬ್ಬರಿಗೆ. ಇದನ್ನೋದಿ ಹುಬ್ಬೇರಿಸುವವರು ಏರಿಸಲಿ. ಕೃತಜ್ಞತೆ ಹೇಳುವಾಗ ಯಾರ ಅಪ್ಪಣೆಯನ್ನೂ ಕೇಳುವ ವಯಸ್ಸು ನನ್ನದಲ್ಲ.

ನಾನು ಚಿಕ್ಕಬಳ್ಳಾಪುರದಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಿ ನಿವೃತ್ತಳಾದವಳು. ನಮ್ಮ ಬೀದಿಯ ದೇವಿಯ ಗುಡಿಯಲ್ಲಿ ಪ್ರತಿ ಶುಕ್ರವಾರ ಸಂಜೆ ಭಜನಾ ಮಂಡಳಿ ಸೇರುತ್ತದೆ. ಮುಂದಿನ ಸಾಲಿನಲ್ಲಿ, ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ, ಹಾಡನ್ನು ಎತ್ತಿಕೊಡುವವರ ಜಾಗ ನನ್ನದಾಗಿತ್ತು. ಆಗಿತ್ತು ಎಂದೇಕೆ ಬರೆದೆನೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಬಹಳ ಹಿಂದೆ ಆ ಗುಡಿಗಾಗಿ ಅಠಾಣ ರಾಗದಲ್ಲಿ ನಾನೊಂದು ಹಾಡು ಕಟ್ಟಿದ್ದೆ. ಅಠಾಣ ತಲೆಯೆತ್ತಿ ನಡೆಯುವ ರಾಗ. ದೇವಿ ಆಯುಧಗಳನ್ನು ಹಿಡಿದು ಹೊರಟ ಗಳಿಗೆಯ ವರ್ಣನೆ ಅದರಲ್ಲಿದೆ. ಆದಿತಾಳ, ಎಂಟು ಎಣಿಕೆ. ಆದರೆ ತಾಳದ ಮೊದಲ ತಟ್ಟು ಬಿದ್ದಾಗ ಹಾಡು ಬಾಯಿ ತೆರೆಯುವುದಿಲ್ಲ; ಅರ್ಧ ಎಣಿಕೆ ಸುಮ್ಮನಿದ್ದು ಆಮೇಲೆ ಹೊರಡುತ್ತದೆ. ಬಿಲ್ಲನ್ನು ಎಳೆದು ಹಿಡಿದವರು ಬಾಣ ಬಿಡುವ ಮುಂಚೆ ಉಸಿರು ಕಟ್ಟುತ್ತಾರಲ್ಲ, ಅಷ್ಟು ಹೊತ್ತು. ತಾಳದಲ್ಲಿ ಹಾಡು ಹೊರಡುವ ಈ ಸ್ಥಾನಕ್ಕೆ ನಾವು ಎಡುಪು ಎನ್ನುತ್ತೇವೆ. ಆ ಮೌನವನ್ನು ತೆಗೆದರೆ ನನ್ನ ಹಾಡಿನಲ್ಲಿ ಉಳಿಯುವುದು ಬರಿಯ ಗದ್ದಲ.

ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಈಗ ಮೂವತ್ತರ ಹತ್ತಿರದವಳು. ಶಿಡ್ಲಘಟ್ಟದಲ್ಲಿ ಅವಳ ಮನೆಯ ಕೆಳಗಡೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಘಟಕವಿದೆ, ಮೇಲುಗಡೆ ಅವಳ ಕೋಣೆ.

“ಟೀಚರಮ್ಮ, ನಾವೊಂದು ಗೇಮ್ ಮಾಡ್ತಾ ಇದೀವಿ. ಶೂಟಿಂಗ್ ಗೇಮು.”

“ಗುಂಡು ಹೊಡೆಯೋದಾ?”

“ಹೂಂ. ಮನುಷ್ಯರಿಗಲ್ಲಮ್ಮ, ಯಂತ್ರಗಳಿಗೆ. ತೆಂಗಿನಮರದಷ್ಟು ಎತ್ತರದ ಯಂತ್ರ, ಕೈಕಾಲು ಎಲ್ಲಾ ಇರುತ್ತೆ. ಅದರ ಎದೆಯೊಳಗೆ ಒಬ್ಬಳು ಕೂತು ನಡೆಸ್ತಾಳೆ. ಮೆಕಾ ಅಂತಾರೆ ಅದಕ್ಕೆ.”

“ನನಗೆ ಫೋನಲ್ಲಿ ಒಂದು ಫೋಟೋ ಕಳಿಸೋಕೂ ಬರಲ್ಲ. ನನ್ನ ಹತ್ರ ಯಾಕೆ ಬಂದೆ?”

“ನಿಮ್ಮ ಅಠಾಣ ಬೇಕು. ಎಂಟನೇ ಕ್ಲಾಸಲ್ಲಿ ಹೇಳ್ಕೊಟ್ರಲ್ಲ, ಅದು. ಕೊನೇ ಬಾಸ್ ಬರೋ ಹೊತ್ತಿಗೆ.”

“ಬಾಸ್ ಅಂದ್ರೆ ಯಾರೇ?”

“ರಾಕ್ಷಸ ಅನ್ಕೊಳ್ಳಿ. ಎಲ್ಲಾ ಮುಗಿದ ಮೇಲೆ ಬರ್ತಾನೆ, ಎಲ್ಲರಿಗಿಂತ ದೊಡ್ಡೋನು.”

ರಾಕ್ಷಸನೆಂದ ಮೇಲೆ ನನಗೆ ವಿವರಣೆ ಬೇಕಾಗಲಿಲ್ಲ. ಹಾಡಿನ ಮಾತುಗಳು ಗುಡಿಯ ಸನ್ನಿಧಿಯವು, ಅವನ್ನು ಕೊಡಲಾರೆ, ಸ್ವರಗಳನ್ನು ತೆಗೆದುಕೋ ಎಂದೆ. ಆ ವಾರವೇ ಪಿಟೀಲು ಹಿಡಿದು ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಆಟವನ್ನು ಅವಳೊಂದಿಗೆ ಕಟ್ಟುತ್ತಿದ್ದವನು ಗೌರಿಬಿದನೂರಿನವನು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕುವ ಯಂತ್ರದ ತೋಳುಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಭಾನುವಾರ ಮಾತ್ರ ಬಿಡುವು. ಆಟದ ಯಂತ್ರಗಳನ್ನೆಲ್ಲ ಬರೆದವನು ಅವನೇ. ಪರದೆಯ ಮೇಲೆ ಆ ದೈತ್ಯ ಕೈಯೆತ್ತಿದಾಗ ಮೊದಲು ಭುಜ ತಿರುಗಿ, ಆಮೇಲೆ ಮೊಣಕೈ ಬಿಚ್ಚಿಕೊಂಡು, ಕೊನೆಯಲ್ಲಿ ಮಣಿಕಟ್ಟು ತಗ್ಗುವುದನ್ನು ಕಂಡು ನಾನು ಬೆರಗಾದೆ. ನಾಟ್ಯ ಕಲಿತವರ ಕೈ ಹಾಗೆ ಚಲಿಸುತ್ತದೆ.

“ನಮ್ ಫ್ಯಾಕ್ಟರಿ ತೋಳು ಹಿಂಗೇ ಮಾಡೋದು ಟೀಚರಮ್ಮ,” ಎಂದ. “ದಿನಾ ಎಂಟು ಗಂಟೆ ಅದನ್ನೇ ನೋಡ್ತೀನಿ. ಮನೇಲಿ ಅನ್ನ ಕಲಸೋವಾಗ್ಲೂ ನನ್ ಕೈ ಹಂಗೇ ಹೋಗುತ್ತೆ ಅಂತ ನಮ್ಮಮ್ಮ ಬೈತಾರೆ.”

ಧ್ವನಿಮುದ್ರಣಕ್ಕೆ ಅಲ್ಲಿ ಬೇರೆಯೇ ಒಂದು ಕ್ರಮವಿತ್ತು. ಕೆಳಗೆ ರಾಟೆಗಳು ತಿರುಗುತ್ತಿರುವಷ್ಟು ಹೊತ್ತು ಆ ಗರಗರ ಸದ್ದಿನಲ್ಲಿ ಪಿಟೀಲಿನ ಒಂದು ತಂತಿಯೂ ಸ್ಪಷ್ಟವಾಗಿ ಕೇಳದು. ಹಾಗಾಗಿ ಊರೆಲ್ಲ ಕರೆಂಟು ಬರಲೆಂದು ಕಾಯುವಾಗ ನಾವು ಅದು ಹೋಗಲೆಂದು ಕಾದೆವು. ಹೋದೊಡನೆ ರಾಟೆಗಳು ನಿಲ್ಲುತ್ತಿದ್ದವು, ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಓಡುತ್ತಿತ್ತು, ಕುದಿಸಿದ ಗೂಡಿನ ವಾಸನೆಯ ನಡುವೆ ನಾನು ಮೊದಲು ಪಿಟೀಲು ನುಡಿಸಿ, ಆಮೇಲೆ ಬರಿಯ ಸ್ವರಗಳನ್ನು ಹಾಡುತ್ತಿದ್ದೆ. ತಾಳದ ಸದ್ದು ಬೀಳಬಾರದೆಂದು ತೊಡೆಯ ಮೇಲೆ ಬೆರಳು ಮಾತ್ರ ಆಡಿಸಿದೆ. ನಾಲ್ಕು ದಿನಗಳಲ್ಲಿ ಹಾಡು ಮುಗಿಯಿತು.

ಎರಡು ವಾರ ಕಳೆದು ಹುಡುಗಿಯ ಫೋನು ಬಂತು. ಏನೋ ಕೂರುತ್ತಿಲ್ಲವಂತೆ. ಮೊದಲ ಸುತ್ತು ಹೇಗೋ ಸಾಗುತ್ತದೆ. ಹಾಡು ಮರಳಿ ಶುರುವಾದ ಮೇಲೆ ಗುಂಡುಗಳೇ ಒಂದು ಕಡೆ, ಹಾಡೇ ಒಂದು ಕಡೆ. ರಾಕ್ಷಸನ ಗುಂಡುಗಳನ್ನು ಕಂಪ್ಯೂಟರು ಎಂಟರ ಎಣಿಕೆಗೆ ಸರಿಯಾಗಿ ಬಿಡುತ್ತಿತ್ತು. ಆಡುವವರು ಹಾಡು ಕೇಳಿ ತಪ್ಪಿಸಿಕೊಳ್ಳಬೇಕು, ಅದೇ ಆಟದ ಸೊಗಸು. ಹಾಡೇ ಜಾರಿದರೆ ಯಾರೂ ಉಳಿಯುವುದಿಲ್ಲ. ನಾನು ಹೋಗಿ ಕಣ್ಣುಮುಚ್ಚಿ ಕೇಳಿದೆ. ಒಂದೊಂದು ಸುತ್ತಿಗೂ ಹಾಡು ಮತ್ತೆ ಅರ್ಧ ಎಣಿಕೆ ಮುಂಚೆ ಬರುತ್ತಿತ್ತು.

“ಶುರುವಿನಲ್ಲಿ ಏನು ಕತ್ತರಿಸಿದೆ?”

“ಏನೂ ಇಲ್ಲ ಟೀಚರಮ್ಮ. ಖಾಲಿ ಇತ್ತು, ಅದನ್ನ ಮಾತ್ರ ತೆಗೆದೆ.”

ಪರದೆಯಲ್ಲಿ ತೋರಿಸಿದಳು. ನನ್ನ ಧ್ವನಿ ಅಲೆಅಲೆಯಾಗಿ ಏಳುವ ಮುಂಚೆ ಒಂದಿಷ್ಟು ಸಪಾಟು ಗೆರೆ. ಅವಳು ಖಾಲಿ ಎಂದು ಎತ್ತಿ ಎಸೆದದ್ದು ನನ್ನ ಎಡುಪನ್ನು.

“ನಿನಗೆ ತಾಳ ಯಾರೇ ಹೇಳ್ಕೊಟ್ಟಿದ್ದು?” ಎಂದು ಕೂಗಿದೆ. ಕೆಳಗಡೆ ನೂಲು ತೆಗೆಯುತ್ತಿದ್ದ ಹೆಂಗಸು ಮೆಟ್ಟಿಲ ತನಕ ಬಂದು ಇಣುಕಿದಳು.

“ನೀವೇ,” ಎಂದಳು ಹುಡುಗಿ, ಹೆದರದೆ. “ಆದ್ರೆ ಗುಡೀಲಿ ಎಲ್ರೂ ತಟ್ಟಿನ ಮೇಲೇ ಎತ್ಕೊಳ್ತಾರಲ್ಲ. ಎಷ್ಟೋ ಶುಕ್ರವಾರ ಬಂದು ಕೇಳಿದೀನಿ. ನೀವೂ ಮುಂದೆ ಕೂತಿರ್ತೀರಿ. ಅದೇ ಸರಿ ಅನ್ಕೊಂಡೆ.”

ಅವಳ ಮಾತು ನಿಜ. ಮಂಡಳಿ ದೊಡ್ಡದಾದಂತೆ ಚಪ್ಪಾಳೆಗೂ ಹಾಡಿಗೂ ಹೊಂದಿಸುವುದು ಕಷ್ಟವಾಗಿ, ಜನ ಮೊದಲ ತಟ್ಟಿಗೇ ಹಾಡು ಎತ್ತತೊಡಗಿದ್ದರು. ಒಂದೆರಡು ಬಾರಿ ತಿದ್ದಿದೆ. ಆಮೇಲೆ ಬೇಸತ್ತು ನಾನೂ ಹಾಗೆಯೇ ಎತ್ತಿಕೊಟ್ಟೆ. ನಾನೇ ಕಟ್ಟಿದ ಹಾಡಿನ ಉಸಿರನ್ನು ನನ್ನ ಕಣ್ಣೆದುರಿಗೆ, ನನ್ನ ಒಪ್ಪಿಗೆಯಿಂದಲೇ ನುಂಗಿಹಾಕಿದ್ದೆವು. ಹುಡುಗಿಯ ಕತ್ತರಿಗೆ ಬೈಯುವ ಹಕ್ಕು ನನಗಿರಲಿಲ್ಲ.

ಮೌನವನ್ನು ಅದರ ಸ್ಥಾನಕ್ಕೆ ಮರಳಿಸಿದರು. ಗೌರಿಬಿದನೂರಿನ ಹುಡುಗ ಆ ಸಪಾಟು ಗೆರೆಯ ಮೇಲೆ ಬೆರಳಿಟ್ಟು, “ಈ ಅರ್ಧದಲ್ಲಿ ಏನಾಗ್ಬೇಕು ಟೀಚರಮ್ಮ?” ಎಂದು ಕೇಳಿದ.

“ಏನೂ ಆಗಬಾರದು. ರಾಕ್ಷಸನೂ ಹೊಡೆಯಬಾರದು, ದೇವಿಯೂ ಹೊಡೆಯಬಾರದು.”

ಇಷ್ಟು ಮಾತಿಗೆ ಅವರಿಬ್ಬರೂ ಅಷ್ಟು ದಿನ ಮಾಡಿದ್ದನ್ನು ಬಿಚ್ಚಿ ಹೊಸದಾಗಿ ಕಟ್ಟಿದರು. ಈಗ ಪ್ರತಿ ಸುತ್ತಿನ ಮೊದಲ ಅರ್ಧ ಎಣಿಕೆಯಲ್ಲಿ ಆಕಾಶ ತುಂಬಿದ ಗುಂಡುಗಳೆಲ್ಲ ನಿಂತುಬಿಡುತ್ತವೆ, ರಾಕ್ಷಸನ ಎದೆಯ ಬಾಗಿಲು ತೆರೆದುಕೊಳ್ಳುತ್ತದೆ. ಆಸೆಪಟ್ಟು ಆಗಲೇ ಹೊಡೆದರೆ ನಿಮ್ಮ ಯಂತ್ರದ ತೋಳು ಸೆಟೆದುಕೊಳ್ಳುತ್ತದೆ. ತಡೆದು, ಮೊದಲ ಸ್ವರದೊಂದಿಗೆ ಬಿಟ್ಟ ಗುಂಡು ಮಾತ್ರ ನಾಟುತ್ತದೆ. ಗುಂಡಿನ ಆಟದಲ್ಲಿ ಕೈ ತಡೆದವರಿಗೆ ಗೆಲುವು. ಮೂವತ್ತು ವರ್ಷ ತರಗತಿಯಲ್ಲಿ ನಾನು ಹೇಳಿ ಮುಗಿಸಲಾರದ್ದನ್ನು ಅವರು ಹೀಗೆ ಕಟ್ಟಿ ತೋರಿಸಿದ್ದರು.

ನನ್ನನ್ನೂ ಆಡಿಸಿದರು. ಮೂರು ಸಲ ಸತ್ತೆ.

“ಟೀಚರಮ್ಮ, ನೀವೇ ಅರ್ಧ ಎಣಿಕೆ ಕಾಯ್ಲಿಲ್ಲ!”

“ಸುಮ್ನಿರೇ, ರಾಕ್ಷಸ ಮೈಮೇಲೆ ಬಂದಾಗ ತಾಳ ಹಾಕ್ಕೊಂಡು ಕೂರಕ್ಕಾಗುತ್ತಾ?”

ಆಟದ ಒಂದು ಚೂರು ವಿಡಿಯೋ ಫೋನಿನಿಂದ ಫೋನಿಗೆ ಹರಿದು ನಮ್ಮ ಮಂಡಳಿಯನ್ನೂ ಮುಟ್ಟಿತು. ನವರಾತ್ರಿ ಹತ್ತಿರವಾಗಿತ್ತು. ಮಂಡಳಿಯ ಅಧ್ಯಕ್ಷರು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಒಂದು ಬೆಳಿಗ್ಗೆ ಮನೆಗೆ ಬಂದರು. ಕಾಫಿ ಕೊಟ್ಟೆ. ಕುಡಿಯದೆ ಲೋಟವನ್ನು ಪಕ್ಕಕ್ಕಿಟ್ಟರು.

“ಮೊಬೈಲಲ್ಲಿ ನೋಡಿದೆ ಅಮ್ಮನವರೇ. ನಮ್ಮ ದೇವಿ ಹಾಡಿಗೆ ಢಂ ಢಂ ಅಂತ ಗುಂಡು.”

“ತಾಳಕ್ಕೆ ಸರಿಯಾಗಿ ಬಿತ್ತಾ, ಅದನ್ನ ನೋಡಿದ್ರಾ?”

“ತಮಾಷೆ ಬೇಡಿ. ಎಲ್ಲರಿಗೂ ಬೇಜಾರಾಗಿದೆ. ಆ ಹಾಡನ್ನ ಅವರಿಂದ ವಾಪಸ್ ತಗೊಳ್ಳಿ. ಇಲ್ಲಾಂದ್ರೆ ನವರಾತ್ರಿಗೆ ನಿಮ್ಮನ್ನ ಮುಂದಿನ ಸಾಲಲ್ಲಿ ಕೂರಿಸೋದು ಕಷ್ಟ ಆಗುತ್ತೆ. ಶುಕ್ರವಾರ ಎಲ್ಲರ ಎದುರಿಗೆ ಒಂದು ಮಾತು ಹೇಳಿಬಿಡಿ.”

ಆ ಜಾಗವನ್ನು ನಾನು ಪ್ರೀತಿಸುತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಅಲ್ಲಿಂದ ದೇವಿಯ ಪಾದ ನೇರವಾಗಿ ಕಾಣುತ್ತದೆ. ಎರಡು ದಿನ ಊಟ ರುಚಿಸಲಿಲ್ಲ. ಸುದ್ದಿ ತಿಳಿದ ಹುಡುಗಿ ಫೋನು ಮಾಡಿ ಅತ್ತಳು. “ಬೇಡಮ್ಮ, ಹಾಡು ತೆಗೆದುಬಿಡ್ತೀವಿ. ಬೇರೆ ಏನಾದ್ರೂ ಹಾಕ್ಕೊಳ್ತೀವಿ. ನಿಮ್ಮ ಜಾಗ ಹೋಗ್ಬಾರ್ದು.”

“ತೆಗೆದ್ರೆ ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ,” ಎಂದೆ. ಹಾಗೆ ಹೇಳಿದ ಗಳಿಗೆಯಲ್ಲೇ ಶುಕ್ರವಾರ ಏನು ಹೇಳಬೇಕೆಂಬುದು ನನಗೂ ತಿಳಿಯಿತು.

ಶುಕ್ರವಾರ ದೀಪ ಹಚ್ಚಿದ ಮೇಲೆ ಎದ್ದು ನಿಂತು ಹೇಳಿದೆ. “ಗುಂಡಿನ ಆಟಕ್ಕೆ ದೇವಿಯ ರಾಗ ಕೊಟ್ಟೆ ಅಂತ ನನ್ನ ಮೇಲೆ ದೂರು. ಒಳಗೆ ನಿಂತಿರೋ ತಾಯಿಯನ್ನ ಎಲ್ಲರೂ ನೋಡಿ. ಎಂಟು ಕೈಗಳಿವೆ. ಎಷ್ಟು ಕೈಯಲ್ಲಿ ಹೂವಿದೆ?”

ಕೆಲವರು ಕತ್ತು ಚಾಚಿ ಗರ್ಭಗುಡಿಯತ್ತ ನೋಡಿದರು.

“ಈ ಹಾಡಿಗೆ ಮೊದಲಲ್ಲಿ ಅರ್ಧ ಎಣಿಕೆ ಮೌನವಿತ್ತು. ನಾವು ಅದನ್ನ ತಿಂದುಹಾಕಿದ್ವಿ. ಈ ಪಾಪದಲ್ಲಿ ಮೊದಲ ಪಾಲು ನನ್ನದು. ಶಿಡ್ಲಘಟ್ಟದಲ್ಲಿ ಕೂತ ಇಬ್ಬರು ಅದನ್ನ ಮತ್ತೆ ಅದರ ಜಾಗಕ್ಕಿಟ್ಟು, ಅದಕ್ಕೋಸ್ಕರ ತಮ್ಮ ಕೆಲಸವನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ್ರು. ಇವತ್ತು ಆ ಹಾಡು ಸರಿಯಾಗಿ ಕೇಳೋದು ಅವರ ಆಟದಲ್ಲಿ, ಈ ಗುಡಿಯಲ್ಲಲ್ಲ. ನಾನು ವಾಪಸ್ ತಗೊಳ್ಳಲ್ಲ.”

ಹಿಂದಿನಿಂದ ಹೂವು ಕಟ್ಟುವ ಅಜ್ಜಿಯೊಬ್ಬಳು, “ಬಾಗಾ ಚೆಪ್ಪಿನಾವಮ್ಮಾ!” ಎಂದು ತನ್ನ ತೆಲುಗಿನಲ್ಲಿ ಶಹಭಾಸ್ ಹೇಳಿದಳು. ಯಾರೋ ನಕ್ಕರು.

ಅಧ್ಯಕ್ಷರು ನಗಲಿಲ್ಲ. “ಹಂಗಾದ್ರೆ ನಿಮ್ಮಿಷ್ಟ. ಮುಂದಿನ ಸಾಲು—”

“ಮುಂದಿನ ಸಾಲು ನಿಮ್ಮದೇ ಇರಲಿ, ಅಪ್ಪ. ನನ್ನ ಕೊರಳು ಹಿಂದಿನಿಂದಲೂ ಕೇಳುತ್ತೆ.”

ನನ್ನ ಚಾಪೆಯನ್ನು ಸುರುಳಿ ಸುತ್ತಿಕೊಂಡು ಹಿಂದೆ ಹೋಗಿ, ಕಂಬದ ಬಳಿ ಆ ಅಜ್ಜಿಯ ಪಕ್ಕ ಹಾಸಿ ಕೂತೆ. ಹಾಡುಗಳು ಒಂದೊಂದಾಗಿ ನಡೆದು ಅಠಾಣದ ಸರದಿ ಬಂತು. ಮುಂದಿನವರು ರೂಢಿಯಂತೆ ತಟ್ಟಿನ ಮೇಲೇ ಎತ್ತಿದರು. ನಾನು ಅರ್ಧ ಎಣಿಕೆ ತಡೆದು ಒಬ್ಬಳೇ ಎತ್ತಿದೆ. ಅವರ ಹಾಡಿನ ಹಿಂದೆ ಅರ್ಧ ಎಣಿಕೆಯ ಅಂತರದಲ್ಲಿ ನನ್ನ ಹಾಡು ನಡೆಯಿತು. ಕೇಳಲು ಇಂಪಾಗಿರಲಿಲ್ಲ. ಹತ್ತಾರು ಮುಖಗಳು ತಿರುಗಿ ನೋಡಿದವು. ನಾನು ದನಿ ತಗ್ಗಿಸಲಿಲ್ಲ. ಮುಂದಿನವರು ಮುಗಿಸಿದ ಮೇಲೆ ನನ್ನ ಕೊನೆಯ ಸ್ವರವನ್ನು, ಅದು ಬೀಳಬೇಕಾದ ಕಡೆಯೇ ಮುಗಿಸಿದೆ.

ಆಟ ನವರಾತ್ರಿಯಲ್ಲಿಯೇ ಹೊರಬಂತು, ಹಾಡಿನ ಸಮೇತ. ಆಯುಧಪೂಜೆಯ ದಿನ ನಾನೇ ಶಿಡ್ಲಘಟ್ಟಕ್ಕೆ ಹೋಗಿ ಕೀಲಿಮಣೆಯ ಅಂಚಿಗೆ ಕುಂಕುಮವಿಟ್ಟೆ. ಕೆಳಗಿನ ರಾಟೆಗಳಿಗೂ ಅದೇ ಬಟ್ಟಲಿನಿಂದ ಇಟ್ಟರು. ನನ್ನನ್ನು ಮುಂದಿನ ಸಾಲಿಗೆ ಯಾರೂ ಮರಳಿ ಕರೆದಿಲ್ಲ, ನಾನು ಕೇಳಿಯೂ ಇಲ್ಲ. ಶುಕ್ರವಾರಗಳಂದು ಕಂಬದ ಬಳಿ ಕೂತು ನನ್ನ ಎಡುಪಿನಿಂದಲೇ ಹಾಡುತ್ತೇನೆ. ಈಚೆಗೆ ಹೂವಿನ ಅಜ್ಜಿಯೂ ತಡೆದು ಎತ್ತುತ್ತಾಳೆ. ನಾವಿಬ್ಬರು.

ಆ ಕೋಣೆಯಲ್ಲಿ ಬೆನ್ನು ಬಾಗಿಸಿ ದುಡಿದ ಇಬ್ಬರ ಕಣ್ಣು ಕೈಗಳನ್ನು ತಾಯಿ ಚೆನ್ನಾಗಿಡಲಿ. ಕರೆಂಟು ಹೋದಾಗ ಬೈಯದೆ, ನನ್ನ ಹಾಡು ಮುಗಿಯುವ ತನಕ ಉಸಿರು ಬಿಗಿಹಿಡಿದು ಕೂತ ಕೆಳಗಿನ ಹೆಣ್ಣುಮಕ್ಕಳ ಮನೆ ತಂಪಾಗಿರಲಿ. ಎಲ್ಲೆಲ್ಲಿಯೋ ಕೂತು ಆ ರಾಕ್ಷಸನೆದುರು ಮತ್ತೆ ಮತ್ತೆ ಸೋತು ಮತ್ತೆ ಎದ್ದು ನಿಲ್ಲುವ, ನಾನು ಕಂಡರಿಯದ ಮಕ್ಕಳಿಗೆ ಆಯುಷ್ಯವಾಗಲಿ. ನನ್ನ ಜಾಗವನ್ನು ಕಸಿದುಕೊಂಡ ಮಂಡಳಿಗೂ, ಅಂದು ಕಾಫಿ ಕುಡಿಯದೆ ಎದ್ದುಹೋದ ಅಧ್ಯಕ್ಷರಿಗೂ ದೇವಿ ಒಳ್ಳೆಯದು ಮಾಡಲಿ. ಅವರ ಕೊರಳು ಗಟ್ಟಿಯಾಗಿರಲಿ, ಕಿವಿ ಇನ್ನೂ ತೆರೆಯಲಿ. ಎಲ್ಲರಿಗೂ ಶುಭವಾಗಲಿ.