ಅಕ್ಕನ ನೆಗೆಟಿವ್ ಹಿಡಿದು ಮುದ್ದೇಬಿಹಾಳಕ್ಕೆ

ಇಂಡಿಯಲ್ಲಿ ಬೆಳಗಿನ ಸಿಂದಗಿ ಬಸ್ಸು ಹತ್ತಿದಾಗ ಒಳಗೆ ಜನರಿಗಿಂತ ನಿಂಬೆಹಣ್ಣಿನ ಚೀಲಗಳೇ ಹೆಚ್ಚಿದ್ದವು. ನನ್ನ ಒಳಜೇಬಿನಲ್ಲಿ ತೆಳು ಕಾಗದದಲ್ಲಿ ಸುತ್ತಿದ ಅಕ್ಕನ ನೆಗೆಟಿವ್ ಇತ್ತು. ಮರುದಿನ ಮುದ್ದೇಬಿಹಾಳದಲ್ಲಿ ಆಕೆಯ ವರ್ಷದ ತಿಥಿ. ಅಷ್ಟರೊಳಗೆ ಫೋಟೊ ಮಾಡಿಸಿ, ಕಟ್ಟು ಹಾಕಿಸಿ, ಅವರ ಮನೆಯ ಗೋಡೆಗೆ ಏರಿಸಬೇಕಿತ್ತು. ಅಲ್ಲಿ ಈಗ ತೂಗುತ್ತಿರುವುದು ಅಕ್ಕನ ಮಗ ಶ್ರೀಧರ ಮೊಬೈಲಿನಲ್ಲಿ ತಿದ್ದಿಸಿದ ಫೋಟೊ. ಅಕ್ಕನ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಅದರಲ್ಲಿ ಒಂದೂ ಇಲ್ಲ.

ಏಳನೇ ಇಯತ್ತೆಗೆ ಶಾಲೆ ಬಿಟ್ಟು ಸ್ಟುಡಿಯೊ ಸೇರಿದವನು ನಾನು. ಕತ್ತಲೆ ಕೋಣೆಯ ಕೆಲಸ ನನ್ನಷ್ಟು ಚೊಕ್ಕ ಮಾಡುವವರು ಈ ಸೀಮೆಯಲ್ಲಿರಲಿಲ್ಲ. ಮದುವೆಗೆ ತೋರಿಸುವ ಹುಡುಗಿಯರ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ತಿದ್ದಿ ಕಲೆ ಮುಚ್ಚುತ್ತಿದ್ದೆ. ಹತ್ತಿಯಿಂದ ಒರೆಸಿದರೆ ಪೆನ್ಸಿಲ್ ಗುರುತು ಹೋಗಿ ಕೆಳಗಿನ ಮುಖ ಇದ್ದ ಹಾಗೇ ಸಿಗುತ್ತಿತ್ತು. ಅಕ್ಕ ಮಾತ್ರ, "ಅಮ್ಮ ಕೊಟ್ಟ ಕಲಿ ಇವು. ನಿನ್ನ ಪೆನ್ಸಿಲ್ಲಿಗೆ ಅಂಜಾಂಗಿಲ್ಲ, ಬಿಡು" ಎಂದು ನಕ್ಕಿದ್ದಳು.

ಸಿಂದಗಿಯಲ್ಲಿ ಗೆಳೆಯ ದಸ್ತಗೀರನ ಲ್ಯಾಬು ಈಗ ಜೆರಾಕ್ಸ್ ಅಂಗಡಿ.

"ಫೋಟೊ ದೊಡ್ಡದು ಮಾಡೋ ಮಷಿನ್ನ ಗುಜರಿಗೆ ಹಾಕಿ ಯಾವ ಕಾಲಾತು! ಇನ್ನೂ ಕತ್ತಲಿ ಹುಡುಕ್ಕೋತ ತಿರಗತಿ ಏನು ದೋಸ್ತ?" ಎಂದ.

ಒಂದು ಮೊಬೈಲಿನ ಬಿಳಿ ಪರದೆಯ ಮೇಲೆ ನೆಗೆಟಿವ್ ಇಟ್ಟು, ಇನ್ನೊಂದರಿಂದ ಫೋಟೊ ಹೊಡೆದು, ಕಪ್ಪನ್ನು ಬಿಳುಪು ಮಾಡಿದ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಅಕ್ಕ ಬಂದಳು, ಒಂದೊಂದು ಕಲೆಯ ಸಮೇತ. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ನನಗೆ ಅರ್ಧ ದಿನ ಹಿಡಿಯುತ್ತಿತ್ತು. ಹೊಗಳಲು ಮನಸ್ಸಿರಲಿಲ್ಲ, ಆದರೂ ಹೊಗಳಿದೆ.

"ನಿನ್ನ ಮಷಿನ್ನು ಖರೇ ಹೇಳತೈತಿ ಬಿಡಪಾ."

"ಅದೇನು ಹೇಳತೈತಿ? ನಾವು ಹೇಳಸಿದ್ದು ಹೇಳತೈತಿ" ಎಂದು ಅಲ್ಲೇ ಪ್ರಿಂಟು ತೆಗೆದುಕೊಟ್ಟ.

ಬಸವನ ಬಾಗೇವಾಡಿಯಲ್ಲಿ ಇಳಿದು ಕಟ್ಟು ಹಾಕಿಸಿದೆ. ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಮಿರ್ಚಿ ಭಜಿ, ಚಹಾ ಮುಗಿಸಿ ಮುದ್ದೇಬಿಹಾಳದ ಬಸ್ಸಿನಲ್ಲಿ ಫೋಟೊ ತೊಡೆಯ ಮೇಲಿಟ್ಟುಕೊಂಡು ಕೂತೆ.

ಸಂಜೆ ಮನೆ ಮುಟ್ಟಿದೆ. ಫೋಟೊ ಬಿಚ್ಚಿದ ಕೂಡಲೇ ಶ್ರೀಧರನ ಮುಖ ಸಣ್ಣದಾಯಿತು.

"ಮಾಮಾ, ನಾಳೆ ಬೀಗರು ಬರ್ತಾರ. ಈ ಕಲಿ ಫೋಟೊ ಯಾಕ್ರಿ?"

"ನಿಮ್ಮವ್ವನ ಮಾರಿ ಅದು. ನೀ ತಿದ್ದೂ ಮೊದಲಿಂದು ಎಲ್ಲೈತಿ?"

"ಅಳಿಸೀನ್ರಿ. ಮೊಬೈಲ್ ತುಂಬಿತ್ತು."

ಒರೆಸಿದರೆ ಸಿಗುವ ಮುಖ ಗೋಡೆಯ ಫೋಟೊದ ಕೆಳಗಿರಲಿಲ್ಲ. ಮಂಚದ ಮೇಲಿದ್ದ ಭಾವನ ಕೈಗೆ ಫೋಟೊ ಕೊಟ್ಟೆ. ಅವರು ಚಷ್ಮಾ ಏರಿಸಿ, ಕಲೆಗಳ ಮೇಲೆ ಹೆಬ್ಬೆರಳು ಆಡಿಸಿದರು. "ಹೌದು, ಈಕಿನ" ಎಂದರು. ಕಣ್ಣು ತುಂಬಿದವು. ನಾನು ಗೆದ್ದೆ ಅಂದುಕೊಂಡು ಗೋಡೆಯದನ್ನು ಇಳಿಸಲು ಕೈ ಚಾಚಿದೆ. ಭಾವ ನನ್ನ ಮುಂಗೈ ಹಿಡಿದರು.

"ಬ್ಯಾಡೋ ತಮ್ಮಾ. ವರ್ಷ ಪೂರ್ತಿ ಗೋಡಿ ಮ್ಯಾಲಿನ ಅಕಿ ಕೂಡ ಮಾತಾಡೇನಿ. ರೂಢಿ ಆಗ್ಯಾಳ. ಈಕಿನ್ನ ನೋಡಿದ್ರ ಇವತ್ತ ಸತ್ತಂಗಾಗತೈತಿ."

ನನ್ನ ಫೋಟೊ ಟ್ರಂಕಿಗೆ ಹೋಯಿತು.

ಮರುದಿನ ಬೀಗರೆಲ್ಲ ಗೋಡೆಯ ಫೋಟೊಗೆ ಕೈ ಮುಗಿದರು. ನಾನೂ ಮುಗಿದೆ. ಯಾರಿಗೆ ಮುಗಿದೆನೋ ಗೊತ್ತಿಲ್ಲ. ಊಟ ಅರ್ಧಕ್ಕೇ ಬಿಟ್ಟೆ. ಬಸ್ಸಿನ ನೆಪ ಹೇಳಿ ಎದ್ದೆ. ಹೊಸ್ತಿಲಿಂದ ಒಮ್ಮೆ ತಿರುಗಿ ನೋಡಿದೆ. ಆ ನುಣುಪು ಮುಖದ ಎದುರು ಭಾವ ಚಹಾದ ಕಪ್ಪು ಇಟ್ಟು, "ಆರತೈತಿ, ಕುಡಿ" ಅನ್ನುತ್ತಿದ್ದರು.