ಹಗ್ಗಕ್ಕೆ ಕೈ ಹಚ್ಚಿದವರು

ಆ ತಿಂಗಳುಗಳ ಬಗ್ಗೆ ಬರೆಯಲು ಕೂತರೆ ಮೊದಲು ಮೂಗಿಗೆ ಬರುವುದು ಸ್ಯಾನಿಟೈಸರಿನ ವಾಸನೆ. ದಂಡೆಯಿಂದ ಬಂದು ಕಾರು ಹತ್ತುತ್ತಿದ್ದಂತೆ ನಮ್ಮ ತಂಡದಲ್ಲಿ ಅದರ ಬಾಟಲಿ ಕೈಯಿಂದ ಕೈಗೆ ಹೋಗುತ್ತಿತ್ತು. ನಾನೂ ಹಚ್ಚಿಕೊಂಡಿದ್ದೆನೇ? ಇಲ್ಲ ಎನ್ನುತ್ತದೆ ನೆನಪು. ಆದರೆ ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅಂಥ ಸಾಕ್ಷಿಯನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದಾರೆ.

ಕಾನೂನು ಪದವಿಯ ಕೊನೆಯ ವರ್ಷ ನಾನು ವಿದೇಶದ ಮಾನವ ಹಕ್ಕು ಸಂಸ್ಥೆಯೊಂದರಲ್ಲಿ ಇಂಟರ್ನ್ ಆಗಿದ್ದೆ. ಅಂಕೋಲಾ ತಾಲೂಕಿನ ಒಂದು ದಂಡೆಯಲ್ಲಿ ಖಾಸಗಿ ಬಂದರಿಗೆ ಕಲ್ಲಿನ ಗೋಡೆ ಕಟ್ಟುವವರಿದ್ದರು. ಸಾಲ ಕೊಡುತ್ತಿದ್ದದ್ದು ವಿದೇಶಿ ಬ್ಯಾಂಕು. ಮೀನುಗಾರರ ಬದುಕಿಗೆ ಬ್ಯಾಂಕೂ ಹೊಣೆ ಎಂದು ಸಂಸ್ಥೆ ಆ ಬ್ಯಾಂಕಿನ ದೇಶದಲ್ಲೇ ದಾವೆ ಹೂಡಿತ್ತು. ತೀರ್ಪು ಬರುವವರೆಗೆ ಮುಂದಿನ ಕಂತು ಬಿಡಬಾರದೆಂದು ಅಲ್ಲಿನ ಕೋರ್ಟು ತಡೆ ಕೊಟ್ಟಿತು. ಕಲ್ಲು ತುಂಬಿದ ಟಿಪ್ಪರುಗಳು ಹಟ್ಟಿಕೇರಿ ಹತ್ತಿರ ಹೆದ್ದಾರಿಯ ಬದಿಗೆ ನಿಂತೇ ಇದ್ದವು. ನಾನು ಕಾರವಾರದ ಹತ್ತಿರದ ಕಿನ್ನರ ಊರಿನವನು, ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ನನ್ನನ್ನು ಆರಿಸಿದ್ದು ಅದಕ್ಕೇ ಹೊರತು ನನ್ನ ಅಂಕಗಳಿಗಲ್ಲ.

ಕಾರವಾರದ ಹೋಟೆಲಿನಲ್ಲಿ ಊಟದ ಹೊತ್ತಿಗೆ ಚರ್ಚೆ. ಯಾರು 'ಒಳ್ಳೆಯ ಬಾಧಿತರು' ಎಂಬುದು ವಿಷಯ. ವಿದೇಶದಿಂದ ಬಂದ ನನ್ನ ಸಹ ಇಂಟರ್ನ್, ಚುರುಕು ಹುಡುಗಿ, ಬಂಗಡೆಯ ಮುಳ್ಳು ಬಿಡಿಸುತ್ತ, "ಅಳುವ ಹೆಂಗಸು ಬೇಕು, ಆದರೆ ಮಾತು ನಿಲ್ಲುವಷ್ಟು ಅಳಬಾರದು" ಅಂದಳು. ದಾವೆ ನಡೆಸುತ್ತಿದ್ದ ಹಿರಿಯ ವಕೀಲೆ, ಅವರೂ ವಿದೇಶದವರೇ, ನಕ್ಕು ತಲೆಯಾಡಿಸಿದರು. ನಾನು ಇನ್ನೊಂದು ತುತ್ತು ಕಲಸಿ ನುಂಗಿದೆ.

ಅವರು ಆರಿಸಿದ್ದು ರಂಪಣಿಯ ತಾಂಡೇಲನನ್ನು, ಅಂದರೆ ಆ ದಂಡೆಯ ದೊಡ್ಡ ಬಲೆಯ ತಂಡದ ಹಿರಿಯನನ್ನು. ಅವನ ಮಗಳೂ ಅಲ್ಲೇ ಇದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ದೋಣಿಯಲ್ಲಿ ಅವಳದೆನ್ನುವ ಗಂಡಾಳಿಲ್ಲ. ಬಲೆ ಎಳೆಯುವಾಗ ಹಗ್ಗದ ಬಾಲ ಹಿಡಿಯುತ್ತಾಳೆ, ಪಾಲು ಪಡೆಯುತ್ತಾಳೆ, ಅದೇ ಮರಳಲ್ಲಿ ಒಣಗಿಸಿ ಅಂಕೋಲಾ ಪೇಟೆಯಲ್ಲಿ ಮಾರುತ್ತಾಳೆ. ಗೋಡೆ ಎದ್ದರೆ ಬಲೆಯೂ ಇಲ್ಲ, ಮರಳೂ ಇಲ್ಲ.

ನಾವು ಹೋದ ಬೆಳಿಗ್ಗೆ ಬಲೆ ಎಳೆಯುತ್ತಿದ್ದರು. ಹಿರಿಯ ವಕೀಲೆ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಹಗ್ಗ ಹಿಡಿದರು. ಇಂಟರ್ನ್ ಹುಡುಗಿ ಫೋಟೊ ತೆಗೆದಳು, ಆಮೇಲೆ ತಾನೂ ಹಿಡಿದಳು. ಫೋಟೊಗೆ ಸಾಕಾದ ಮೇಲೆ ಇಬ್ಬರೂ ಬಿಟ್ಟರು.

"ಬಿಡೂಕಾಗಾ, ಅಮ್ಮಾ. ಹಿಡಿದ್ಮೇಲೆ ಹಿಡೀಬೇಕು," ಅಂದ ತಾಂಡೇಲ.

"ಅವ್ರ ಕೈ ಬೆಣ್ಣೆ ಅಪ್ಪಾ, ಹಗ್ಗಕ್ಕೇ ಪಾಪ," ಅಂದಳು ಮಗಳು. ಹೆಂಗಸರೆಲ್ಲ ನಕ್ಕರು. ಏನಂದರು ಎಂದು ವಕೀಲೆ ಕೇಳಿದಾಗ, ನಿಮ್ಮನ್ನು ಮೆಚ್ಚಿಕೊಂಡರು ಅಂದೆ.

ಬಲೆ ಮೇಲೆ ಬಂದಾಗ ತಾಂಡೇಲ ಎಲ್ಲರಿಗೂ ಹಾಕಿದ ಹಾಗೆ ಇಬ್ಬರ ಕಾಲ ಬಳಿಯೂ ಬಂಗಡೆಯ ಒಂದೊಂದು ಗುಡ್ಡೆ ಹಾಕಿದ. ಬೇಡವೆಂದು ಕೈಯಾಡಿಸಿದರು. ಅವನು ಕೇಳಲಿಲ್ಲ. ಹಗ್ಗಕ್ಕೆ ಕೈ ಹಚ್ಚಿದವರಿಗೆ ಪಾಲು, ಅದು ಅಲ್ಲಿನ ರೀತಿ. ಆ ಮೀನು ಹೋಟೆಲಿನ ಅಡುಗೆಮನೆಗೆ ಹೋಯಿತು ಅಂದುಕೊಂಡಿದ್ದೇನೆ. ದಾರಿಯಲ್ಲಿ ಎಸೆದರು ಎಂದು ಕಾರಿನ ಚಾಲಕ ಆಮೇಲೊಮ್ಮೆ ಹೇಳಿದ ಹಾಗೂ ನೆನಪು. ಎರಡರಲ್ಲಿ ಒಂದನ್ನು ನಾನು ಕಟ್ಟಿಕೊಂಡಿರಬೇಕು.

ಸಾಕ್ಷ್ಯ ಕಾರವಾರದ ಬಾಡಿಗೆ ಕೋಣೆಯೊಂದರಲ್ಲಿ, ವಿಡಿಯೊ ಮೂಲಕ. ಕೋರ್ಟಿನ ದುಭಾಷಿ ಪರದೆಯ ಮೇಲಿದ್ದ. ಮೈಕು ನೋಡಿಕೊಳ್ಳುವುದಷ್ಟೇ ನನ್ನ ಕೆಲಸ. ತಾಂಡೇಲ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಮಗಳು ಹಿಂದೆ ಕೂತಿದ್ದಳು. ಬ್ಯಾಂಕಿನ ವಕೀಲ ತುಂಬ ಮರ್ಯಾದೆಯಿಂದ, ಈ ದಂಡೆಯ ಮೀನಿನಲ್ಲಿ ಯಾರ್ಯಾರಿಗೆ ಪಾಲು ಎಂದು ಕೇಳಿದ.

"ಹಗ್ಗಕ್ಕೆ ಕೈ ಹಚ್ಚಿದವ್ರಿಗೆಲ್ಲ."

ಆತ ಒಂದು ಫೋಟೊ ತೋರಿಸಿದ. ನಮ್ಮ ಸಂಸ್ಥೆಯೇ ತನ್ನ ಜಾಲತಾಣದಲ್ಲಿ ಹಾಕಿದ್ದು. ಹಿರಿಯ ವಕೀಲೆ ಹಗ್ಗ ಹಿಡಿದು ನಗುತ್ತಿದ್ದರು. ಇವರಿಗೂ ಕೊಟ್ಟಿರಾ?

"ಕೊಟ್ಟೆ. ಬ್ಯಾಡ ಅಂದ್ರು. ಬ್ಯಾಡ ಅಂದ್ರೆ ಆಗ್ತದಾ?"

ಹಾಗಾದರೆ ದಂಡೆ ಹೋದರೆ ಇವರಿಗೂ ನಷ್ಟವೇ?

"ಹೌದಲ್ಲ. ಮತ್ತೆ ಬಂದು ಎಳೆದ್ರೆ ಪಾಲು ಸಿಕ್ತಿತ್ತು. ಇನ್ನು ಎಲ್ಲಿ ಸಿಕ್ತದೆ ಅವ್ರಿಗೆ?"

ಹಿರಿಯ ವಕೀಲೆಯ ಮುಖದ ಬಣ್ಣ ಇಳಿಯಿತು. ಬ್ಯಾಂಕಿನ ವಾದ ಎರಡು ಮಾತಿನದು: ದಾವೆಯ ವಕೀಲೆಗೇ ದಾವೆಯಲ್ಲಿ ಪಾಲಿದೆ, ಮತ್ತು ದಾರಿಹೋಕರಿಗೂ ಸಿಗುವಂಥದ್ದು ಯಾರ ಹಕ್ಕೂ ಅಲ್ಲ.

ಪರಿಹಾರ ಸುಲಭವಿತ್ತು. ಹೊರಗಿನಿಂದ ಬಂದವರಿಗೆ ಕೊಟ್ಟದ್ದು ಪಾಲಲ್ಲ, ಉಪಚಾರದ ಕಾಣಿಕೆ ಎಂದು ತಾಂಡೇಲ ಇನ್ನೊಂದು ಹೇಳಿಕೆ ಕೊಟ್ಟರಾಯಿತು. ಅದನ್ನು ಕೇಳಲು ನನ್ನನ್ನೇ ಕಳಿಸಿದರು. ಅವನು ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದ, ಮಗಳು ಪಕ್ಕದಲ್ಲಿ ತಾರ್ಲೆ ಮೀನು ಒಣಗಲು ಹರವುತ್ತಿದ್ದಳು.

"ಅವ್ರದ್ದು ಧರ್ಮಕ್ಕೆ ಕೊಟ್ಟದ್ದು ಅಂದ್ರೆ, ಇವಳದ್ದು?" ಅಂದ ಮಗಳ ಕಡೆ ಗದ್ದ ತೋರಿಸಿ. "ಇವಳೂ ಬರೀ ಹಗ್ಗದ ಬಾಲ ಹಿಡೂದೇ. ನಾಳೆ ದೋಣಿಯವ್ರು ಹೇಳ್ತ್ರು, ತಾಂಡೇಲ ಕೋರ್ಟಲ್ಲಿ ಹೇಳಿದ, ನಿಮ್ದು ಪಾಲಲ್ಲ, ಭಿಕ್ಷೆ."

"ಹೇಳ್ಲಿ. ಭಿಕ್ಷೆ ಅಂದ್ರೆ ಮೀನು ಕಹಿ ಆಗ್ತದಾ?" ಮಗಳು ತಲೆ ಎತ್ತಲಿಲ್ಲ. "ಜಾಗ ಉಳಿದ್ರೆ ಸಾಕು. ದೊಡ್ಡಸ್ತಿಕೆ ಬಿಡು ಅಪ್ಪಾ. ನಿಂಗೆ ಹೆಸ್ರು ಬೇಕು, ನಂಗೆ ಮರಳು ಬೇಕು."

"ಬಾಯಿ ಮುಚ್ಚು."

"ತಮಾ, ನೀನೇ ಬರಕೋ, ಹೆಬ್ಬೆಟ್ಟು ನಾ ಒತ್ತಿಸ್ತೆ," ಅಂದಳು ನನಗೆ. ತಮಾಷೆಯಾಗಿರಲಿಲ್ಲ. ತಾಂಡೇಲ ಎದ್ದು ಹೋದ. ಮರುದಿನವೂ ಹೋದೆ, ಅದರ ಮಾರನೆಯ ದಿನವೂ ಹೋದೆ ಅನಿಸುತ್ತದೆ. ಅವನು ಒಪ್ಪಲಿಲ್ಲ. ಅವನು ಮಾಡಿದ್ದು ಸರಿಯೇ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಮಗಳ ಲೆಕ್ಕವೇ ಸರಿ ಎಂದು ಅರ್ಧ ದಿನ ಅನಿಸುತ್ತದೆ.

ಮುಂದಿನ ವಾರ ಸಂಸ್ಥೆ ದಾವೆಯನ್ನು ಹಿಂದಕ್ಕೆ ಪಡೆಯಿತು. ವಕೀಲೆಯೇ ಫಲಾನುಭವಿ ಎಂಬ ಮಾತು ತೀರ್ಪಿನಲ್ಲಿ ಬಂದರೆ ಬೇರೆ ದೇಶಗಳಲ್ಲಿ ನಡೆಯುತ್ತಿರುವ ದಾವೆಗಳಿಗೂ ಕಳಂಕ ಎಂದು ಹಿರಿಯ ವಕೀಲೆ ವಿವರಿಸಿದರು. 'ಕಾರ್ಯತಂತ್ರದ ನಿರ್ಧಾರ' ಅಂದರು. ಸಹ ಇಂಟರ್ನ್ ಹುಡುಗಿ ಕಣ್ಣೊರೆಸಿಕೊಂಡಳು, ಬಹಳ ಕಲಿತೆ ಅಂದಳು. ಅಂದು ಬಂದ ಹೇಸಿಗೆ ಇನ್ನೂ ಹೋಗಿಲ್ಲ. ಆ ಹುಡುಗಿ ಸುಳ್ಳು ಹೇಳಲಿಲ್ಲ, ಅದೇ ಹೆಚ್ಚು ಅಸಹ್ಯ. ಅವಳು ನಿಜವಾಗಿಯೂ ಕಲಿತಿದ್ದಳು. ನಾನೂ ಕಲಿತಿದ್ದೆ. ಸಂಜೆ ಅವರು ಗೋವಾದ ವಿಮಾನಕ್ಕೆ ಹೊರಟರು. ಊರಿಗೆ ಹೇಳುವುದು ನನಗೆ ಉಳಿಯಿತು.

ದಂಡೆಗೆ ಹೋದಾಗ ತಾಂಡೇಲ ಇರಲಿಲ್ಲ. ಮಗಳು ಹಸಿ ತಾರ್ಲೆಯ ಬುಟ್ಟಿ ಆಗಷ್ಟೇ ಇಳಿಸಿದ್ದಳು. ನಿಂತೇ ಹೇಳಿದೆ. ದಾವೆ, ಹಿಂತೆಗೆತ, ತಡೆಯ ತೆರವು, ಎಲ್ಲವನ್ನೂ ಆದಷ್ಟು ಸರಳವಾಗಿ. ಅವಳು ಪೂರ್ತಿ ಕೇಳಿದಳು.

"ಗಾಡಿ ಯಾವಾಗ ಬತ್ತವೆ?"

ಈ ವಾರವೇ ಬರಬಹುದು, ನಾಳೆಯೂ ಬರಬಹುದು ಅಂದೆ.

"ಇದು ಒಣಗೂಕೆ ಮೂರು ಬಿಸಿಲು ಬೇಕು," ಅಂದಳು ಬುಟ್ಟಿ ನೋಡುತ್ತ. "ಹರವ್ಲೋ, ಬ್ಯಾಡ್ವೋ? ಅದೊಂದು ಹೇಳು."

ನಾನು ಹೆದ್ದಾರಿಯ ಕಡೆ ನೋಡಿದೆ. ಅವಳು ಬುಟ್ಟಿಯನ್ನು ತಲೆಗೆ ಏರಿಸಿಕೊಂಡು, ಹಸಿಯಾಗಿಯೇ, ಸಿಕ್ಕಿದ ಬೆಲೆಗೆ ಮಾರಲು ಪೇಟೆಯ ಕಡೆ ನಡೆದಳು.