ಖಾಲಿ ದಂಡೆಯ ತಸ್ವೀರು

ಹೆಂಡತಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಜಾಣ್ಮೆ ನನಗಿಲ್ಲ ಎಂಬುದು ಮದುವೆಯಾದ ಹೊಸತರಲ್ಲೇ ತಿಳಿದಿತ್ತು. ಆದರೂ ಒಮ್ಮೆ ಹೇಳಿದೆ, ಅದೂ ಒಂದು ಫೋಟೋದ ವಿಷಯಕ್ಕೆ.

ಸಿಂಧನೂರಿನ ಕಡೆ ಕಾಲುವೆಯ ನೀರು ಬಂದ ಹೊಸತು. ಅಲ್ಲಿನ ಶಾಲೆಗೆ ನನಗೆ ವರ್ಗವಾಗಿತ್ತು. ಮನೆ ಮಾತ್ರ ಲಿಂಗಸುಗೂರಿನಲ್ಲಿ, ಊರ ಹೊರಗಿನ ಸಣ್ಣ ಕೆರೆಯ ದಂಡೆಯಲ್ಲಿ. ವಾರವೆಲ್ಲ ಬಾಡಿಗೆ ಕೋಣೆಯಲ್ಲಿ ಕೈ ಸುಟ್ಟುಕೊಂಡು ಬೇಯಿಸಿ ಉಣ್ಣುವುದು, ಶನಿವಾರ ಮಸ್ಕಿಯ ಮೇಲಿಂದ ಬಸ್ಸಿನಲ್ಲಿ ಊರಿಗೆ ಬರುವುದು. ಹೀಗೆ ವರ್ಷ ಕಳೆದ ಮೇಲೆ ಒಂದು ಶನಿವಾರ ನನ್ನ ಹೆಂಡತಿ ಶರಣಮ್ಮ ತಾಟು ಮುಂದಿಡುತ್ತ ಹೇಳಿದಳು: "ಈ ಮನಿ ಮಾರ್ರಿ. ಸಿಂಧನೂರಾಗ ಒಂದು ತಗೋಳ್ರಿ. ಮಕ್ಕಳು ನಿಮ್ಮನ್ನ ಬೀಗರು ಬಂದಂಗ ನೋಡಾಕತ್ಯಾವ." ಆಕೆ ಒಂದು ಮಾತು ಹೇಳಿದಳೆಂದರೆ ಅದು ಮುಗಿದ ಮಾತು.

ಹೈದರಾಬಾದಿನಲ್ಲಿದ್ದ ಒಬ್ಬ ಪಿಂಚಣಿದಾರ ಸಾಹೇಬರು ನೀರಿನೆದುರಿನ ಮನೆ ಹುಡುಕುತ್ತಿದ್ದಾರೆಂದು ತಿಳಿದು ಕಾಗದ ಬರೆದೆ. ಚಂದದ ಉರ್ದುವಿನಲ್ಲಿ ಉತ್ತರ ಬಂತು: ಮೊದಲು ಮನೆಯದೊಂದು ತಸ್ವೀರು, ಅಂದರೆ ಫೋಟೋ, ಕಳಿಸಿ.

ಮರುದಿನದಿಂದಲೇ ಶರಣಮ್ಮ ಸೆರಗು ಸಿಕ್ಕಿಸಿದಳು. ಗೋಡೆಗೆ ತಟ್ಟಿದ್ದ ಸಗಣಿ ಕುಳ್ಳು ಕಿತ್ತಳು, ಸುಣ್ಣ ಬಳಿದಳು, ಅಂಚಿಗೆ ಕೆಮ್ಮಣ್ಣು ಎಳೆದಳು, ಕೆರೆಗೆ ಇಳಿಯುವ ದಾರಿಯ ಜಾಲಿ ಮುಳ್ಳು ಕಡಿಸಿದಳು. ನಾನೂ ಸುಮ್ಮನೆ ಕೂಡಲಿಲ್ಲ. ಪರಿಚಯದವರಿಂದ ಬೆತ್ತದ ಕುರ್ಚಿಯೊಂದನ್ನು ಎರವಲು ತಂದು ಕಟ್ಟೆಯ ಮೇಲಿಟ್ಟೆ. ಅದಕ್ಕೆ ಮೂರೇ ಕಾಲು. ನಾಲ್ಕನೆಯದರ ಜಾಗಕ್ಕೆ ಇಟ್ಟಿಗೆ ಕೊಟ್ಟು, ಯಾರೂ ಕೂಡದಂತೆ ಮೇಲೊಂದು ದಪ್ಪ ಪುಸ್ತಕ ಇಟ್ಟೆ. ವಿದ್ವಾಂಸರ ಮನೆಯಂತೆ ಕಾಣಲಿ ಎಂಬ ಆಸೆಯೂ ಇತ್ತೆನ್ನಿ.

ಉಳಿದದ್ದು ದಂಡೆ. ಮನೆಗೂ ನೀರಿಗೂ ನಡುವಿನ ಆ ಜಾಗದಲ್ಲಿ ಮಡಿವಾಳರ ಹಂಪಮ್ಮ ದಿನವೂ ಊರಿನ ಬಟ್ಟೆ ಒಣಹಾಕುತ್ತಿದ್ದಳು. ಆಕೆಯ ಅತ್ತೆಯೂ ಅಲ್ಲೇ ಹಾಕುತ್ತಿದ್ದಳಂತೆ. ಒಂದು ಮುಂಜಾನೆ ಮಟ್ಟಿಗೆ ಬೇರೆಲ್ಲಾದರೂ ಹಾಕು ಎಂದು ಕೇಳಿದೆ.

ಹಂಪಮ್ಮ ಸೀರೆ ಹಿಂಡುವುದನ್ನು ನಿಲ್ಲಿಸಿದಳು. "ಒಂದು ಮುಂಜಾನಿ ದೊಡ್ಡದಲ್ರಿ ಮಾಸ್ತರ. ಖಾಲಿ ದಂಡಿ ನೋಡಿ ಮನಿ ಕೊಂಡಾವ ಖಾಲಿ ದಂಡೀನ ಕೇಳ್ತಾನ. ನಾಳಿಗೆ ತಂತಿ ಬೇಲಿ ಹಾಕಿದ್ರ ನಾವು ಎಲ್ಲಿಗೆ ಹೋಗೂಣ್ರಿ?"

ಹಿಂದೆ ನಿಂತಿದ್ದ ಶರಣಮ್ಮ, "ಆಕಿ ಹೇಳೂದು ಖರೆ ಐತಿ. ಬಟ್ಟಿ ಇರಲಿ," ಎಂದಳು. ಅದೂ ಮುಗಿದ ಮಾತು.

ನಮ್ಮ ಕಡೆ ಉರ್ದು ಬಲ್ಲವರು ತಸ್ವೀರು 'ತೆಗೆಯುವುದಿಲ್ಲ', 'ಎಳೆಯುತ್ತಾರೆ'. ಯಾವುದನ್ನಾದರೂ ಎಳೆದುಕೊಂಡಾಗ ಇನ್ನೇನೋ ಹೊರಗೆ ಉಳಿಯುತ್ತದೆ. ಈ ಭಾಷಾಶಾಸ್ತ್ರ ನನಗೆ ಆಮೇಲೆ ಹೊಳೆದದ್ದು. ಆಗ ಹೊಳೆದದ್ದು ಬರೀ ಉಪಾಯ. ರಾಯಚೂರಿನಿಂದ ಮೂರು ಕಾಲಿನ ಕ್ಯಾಮರಾ ಹೊತ್ತು ಬಂದಿದ್ದ ಫೋಟೋಗ್ರಾಫರ್ ಯಾಕೂಬ ಸಾಹೇಬರನ್ನು, ಹಂಪಮ್ಮ ಬಟ್ಟೆಯ ಗಂಟು ಬಿಚ್ಚುವ ಮೊದಲೇ, ಎದುರು ದಂಡೆಗೆ ಕರೆದೊಯ್ದೆ. ನಿಶ್ಚಲವಾದ ನೀರು, ಅದರಾಚೆ ಖಾಲಿ ದಂಡೆ, ಬೆಳ್ಳಗಿನ ಮನೆ. ಒಂದು ಪಟ ಎಳೆದರು. ಹೊತ್ತು ಏರಿದ ಮೇಲೆ, ಬಟ್ಟೆ, ಕತ್ತೆ, ಹಂಪಮ್ಮ ಎಲ್ಲ ಇದ್ದ ಇನ್ನೊಂದು. ಹೈದರಾಬಾದಿಗೆ ಹೋದದ್ದು ಮೊದಲನೆಯದು. ಎರಡನೆಯದು ಹೋಯಿತೆಂದು ಶರಣಮ್ಮನಿಗೆ ಹೇಳಿದೆ.

ತಿಂಗಳೊಳಗೆ ಹೈದರಾಬಾದಿನ ಸಾಹೇಬರೇ ತಮ್ಮ ಬೇಗಂ ಅವರನ್ನು ಕರೆದುಕೊಂಡು ಬಂದಿಳಿದರು. ಅಂದು ಊರಿನಲ್ಲಿ ಮದುವೆಯ ಮರುದಿನ. ದಂಡೆಯ ಮೇಲೆ ಜಮಖಾನೆ, ಧೋತರ, ಕುಬುಸ, ಕಾಲಿಡಲು ಜಾಗವಿಲ್ಲ. ಸಾಹೇಬರು ಕಿಸೆಯಿಂದ ಫೋಟೋ ತೆಗೆದು ಅದನ್ನೊಮ್ಮೆ ದಂಡೆಯನ್ನೊಮ್ಮೆ ನೋಡಿ, "ಮಾಸ್ಟರ್ ಸಾಹೇಬ್, ಇದರಲ್ಲಿ ಇವು ಯಾವೂ ಇಲ್ಲವಲ್ಲ?" ಎಂದರು.

ಶರಣಮ್ಮ ಆ ಫೋಟೋ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನಗೆ ಕೆರೆ ಹತ್ತಿರವಿದ್ದದ್ದು ಅನುಕೂಲವೆನಿಸಿತು. ಆದರೆ ಆಕೆ ಅವರ ಕಡೆ ತಿರುಗಿದಳು.

"ತಪ್ಪು ನಮ್ಮದೈತ್ರಿ. ಇಲ್ಲಿ ದಿನಾ ಬಟ್ಟಿ ಒಣಗ್ತಾವ. ಮುಂದೂ ಒಣಗ್ತಾವ. ಈ ಹಂಪಮ್ಮಗ ಬ್ಯಾಡ ಅನ್ನೂದಿಲ್ಲ ಅಂದ್ರ ಮನಿ ತಗೋಳ್ರಿ. ಇಲ್ಲಾಂದ್ರ ರೊಟ್ಟಿ ಆಗ್ಯಾವ, ಉಂಡು ಹೋಗ್ರಿ."

ಸಿಂಧನೂರಿನ ಮನೆಯ ಕನಸನ್ನು ಆಕೆ ಅಷ್ಟು ಸಲೀಸಾಗಿ ಕೈಬಿಟ್ಟಳು. ಸಾಹೇಬರು ಫೋಟೋ ಮಡಚಬೇಕೋ ಹರಿಯಬೇಕೋ ತಿಳಿಯದೆ ನಿಂತರು. ಬೇಗಂ ಮಾತ್ರ ಅಲ್ಲಿರಲಿಲ್ಲ. ಆಗಲೇ ದಂಡೆಗಿಳಿದು, ಮುಸುಕು ಮೇಲೆತ್ತಿ, ಹಂಪಮ್ಮನ ಜೊತೆ ಅಚ್ಚ ನಮ್ಮ ಕನ್ನಡದಲ್ಲಿ ಮಾತಿಗೆ ಕೂತಿದ್ದರು. ತವರು ಮಸ್ಕಿಯಂತೆ.

ಮೇಲೆ ಬಂದು ಗಂಡನಿಗೆ ಹೇಳಿದರು: "ನಿಮ್ಮ ಫೋಟೋ ನೋಡೇ ನಾ ಬ್ಯಾಡ ಅಂದಿದ್ನಿ. ಒಂದು ಮನಷ್ಯಾ ಇಲ್ಲ, ಒಂದು ದನ ಇಲ್ಲ. ಅಂಥಲ್ಲಿ ಮುದುಕಿ ಏನ್ ಮಾಡ್ಲಿ ಅಂದಿದ್ನಿ. ಇಲ್ಲಿ ನೋಡಿದ್ರ ಇಷ್ಟು ಮಂದಿ ಅದಾರ. ಆಗಲಿ, ತಗೋಳ್ರಿ."

ಆ ಒಂದು ಖಾಲಿ ಪಟಕ್ಕಾಗಿ ನಾನು ಪಟ್ಟ ಪಾಡು, ಹೇಳಿದ ಸುಳ್ಳು, ಎಲ್ಲ ಸೇರಿ ವ್ಯಾಪಾರವನ್ನೇ ಮುರಿಯುವುದರಲ್ಲಿತ್ತೆಂದು ಆಗ ತಿಳಿಯಿತು. ಬಟ್ಟೆಗೆ ಎಂದೂ ಅಡ್ಡಿ ಮಾಡುವುದಿಲ್ಲವೆಂದು ಸಾಹೇಬರು ಹಂಪಮ್ಮನ ಎದುರೇ ಮಾತು ಕೊಟ್ಟರು. ಶರಣಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ, "ಉಪ್ಪು ತರ್ರಿ," ಎಂದಳು. ಅಲ್ಲಿಗೆ ಕ್ಷಮೆ ಸಿಕ್ಕಂತಾಯಿತು.

ಮುಂದೆ ಸಿಂಧನೂರಿನಲ್ಲಿ ಮನೆ ನೋಡಲು ಇಬ್ಬರೂ ಹೋದೆವು. ನಾನು ಒಳಗೆ ಹೊಕ್ಕು ಬಾಗಿಲು ಕಿಟಕಿ ಎಣಿಸಿ, ತೊಲೆ ತಟ್ಟಿ, ಬಾವಿಗೆ ಬಗ್ಗಿ ನೋಡಿ ಬರುವಷ್ಟರಲ್ಲಿ ಆಕೆ ಮಾಯ. ಹುಡುಕಿದರೆ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು, ಆ ಮನೆಯಾಕೆಯ ಜೊತೆ ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದಳು.

"ಮನೆ ಹೇಗಿದೆ ಅಂತೀ?" ಎಂದು ಕೇಳಿದೆ.

"ಇನ್ನೂ ನೋಡಿಲ್ರಿ," ಎಂದಳು ಎಲೆ ಬಿಡಿಸುತ್ತ, "ಆದ್ರ ಛಲೋ ಐತಿ."